ಬರ್ಲಿನ್‌ನಲ್ಲಿ ಮನೆ ಎಲ್ಲಿ ಮಾಡೋದು ಅಂತ ಕೇಳಿದ್ದೀರಲ್ಲ

ಮೊದಲಿಗೆ ಹೊಸ ಕೆಲಸಕ್ಕೆ ಅಭಿನಂದನೆ. ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಆಫೀಸು ವಾರ್ಶಾವರ್ ಸ್ಟ್ರಾಸೆ ಸ್ಟೇಷನ್ ಪಕ್ಕ. ಮೊದಲು ನೀವೊಬ್ಬರೇ ಬರುತ್ತೀರಿ, ನಾಲ್ಕೈದು ತಿಂಗಳ ಮೇಲೆ ಹೆಂಡತಿ ಮತ್ತು ನಾಲ್ಕೂವರೆ ವರ್ಷದ ಮಗಳು. ಒಬ್ಬ ಸ್ನೇಹಿತ ಫ್ರೀಡ್ರಿಶ್‌ಹೈನ್‌ನಲ್ಲೇ ಮನೆ ಮಾಡು, ಆಫೀಸಿಗೆ ನಡೆದುಕೊಂಡೇ ಹೋಗಬಹುದು ಅಂದಿದ್ದಾರೆ. ಇನ್ನೊಬ್ಬರು ನಾಯ್‌ಕೋಲ್ನ್ ಕಡೆ ತಲೆ ಹಾಕಬೇಡ ಅಂದಿದ್ದಾರೆ. ಮತ್ತೊಬ್ಬರು ಸಂಸಾರ ಅಂದಮೇಲೆ ಪ್ರೆನ್ಸ್‌ಲಾವರ್ ಬೆರ್ಗ್ ಬಿಟ್ಟು ಬೇರೆ ಯೋಚನೆಯೇ ಬೇಡ ಅಂದಿದ್ದಾರೆ. ನಿಮಗೆ ಬೆಂಗಳೂರಿನಲ್ಲಿ ಕೂತೇ ಒಂದು ಏರಿಯಾ ಗಟ್ಟಿ ಮಾಡಿಕೊಂಡು ವಿಮಾನ ಹತ್ತಬೇಕು ಅನ್ನಿಸಿದೆ.

ಅದನ್ನು ಮಾತ್ರ ಮಾಡಬೇಡಿ. ಊರು ನೋಡದೆ ವರ್ಷಗಟ್ಟಲೆ ಇರುವ ಮನೆಗೆ ಸಹಿ ಹಾಕುವುದು ಬೇಡ.

ಬೆಂಗಳೂರಿನಲ್ಲಿ ನಾವು ಮನೆ ಹುಡುಕುವ ರೀತಿಯೇ ಬೇರೆ. ಆಫೀಸು ವೈಟ್‌ಫೀಲ್ಡ್ ಅಂದರೆ ಮಲ್ಲೇಶ್ವರದ ಆಸೆ ಬಿಡಬೇಕು, ಇಲ್ಲದಿದ್ದರೆ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಹಾಗಾಗಿ ನಮಗೆ ಮೊದಲು ನೆನಪಾಗೋದು ಎಷ್ಟು ಕಿಲೋಮೀಟರ್ ಅನ್ನೋದು. ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಸಲ ಟ್ರೇನು ಬದಲಿಸಬೇಕು ಅನ್ನೋದು. ಮೂರು ಕಿಲೋಮೀಟರ್ ದೂರದ ಮನೆಯಿಂದ ಎರಡು ಕಡೆ ಇಳಿದು ಹತ್ತಿ ಬರುವವರಿಗಿಂತ ಎಂಟು ಕಿಲೋಮೀಟರ್ ಆಚೆಯಿಂದ ಒಂದೇ ಟ್ರೇನಿನಲ್ಲಿ ಕೂತು ಬರುವವರು ಬೇಗ ತಲುಪುತ್ತಾರೆ, ಜನವರಿಯ ಗಾಳಿಯಲ್ಲಿ ಪ್ಲಾಟ್‌ಫಾರ್ಮ್ ಮೇಲೆ ನಿಂತು ನಡುಗುವುದೂ ತಪ್ಪುತ್ತದೆ. ಟಿಕೆಟ್ ಖರ್ಚಿನಲ್ಲೂ ದೂರಕ್ಕೆ ಲೆಕ್ಕವಿಲ್ಲ. ಇಡೀ ಊರು ಟಿಕೆಟ್ ದರದ ಎ ಮತ್ತು ಬಿ ವಲಯದೊಳಗೆ ಮುಗಿಯುತ್ತದೆ. ಹೆಚ್ಚಿನವರು ತೆಗೆದುಕೊಳ್ಳುವ ಡಾಯ್ಚ್‌ಲ್ಯಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸು 2023ರಲ್ಲಿ 49 ಯೂರೋಗೆ ಶುರುವಾಗಿ, 2025ರಲ್ಲಿ 58 ಆಗಿ, ಈಗ 2026ರಿಂದ ತಿಂಗಳಿಗೆ 63 ಯೂರೋ ಆಗಿದೆ. ನೀವು ಆಫೀಸಿನ ಪಕ್ಕದ ಬೀದಿಯಲ್ಲಿದ್ದರೂ ಊರಿನ ಅಂಚಿನಲ್ಲಿದ್ದರೂ ಅಷ್ಟೇ.

ನಿಮ್ಮ ಅದೃಷ್ಟಕ್ಕೆ ಆಫೀಸು ಒಳ್ಳೆ ಜಾಗದಲ್ಲಿದೆ. ವಾರ್ಶಾವರ್ ಸ್ಟ್ರಾಸೆ ಮೇಲೆ ಊರಿನ ಪೂರ್ವ-ಪಶ್ಚಿಮವನ್ನು ಜೋಡಿಸುವ ಎಸ್-ಬಾನ್ ಅನ್ನೋ ಲೋಕಲ್ ಟ್ರೇನು ಹಾದುಹೋಗುತ್ತದೆ. ಒಂದೇ ಸ್ಟೇಷನ್ ಮುಂದೆ ಓಸ್ಟ್‌ಕ್ರಾಯ್ಜ್, ಅಲ್ಲಿ ಊರನ್ನು ಸುಮಾರು ಒಂದು ಗಂಟೆಯಲ್ಲಿ ಸುತ್ತಿ ಬರುವ ರಿಂಗ್ ಟ್ರೇನು ಸಿಗುತ್ತದೆ. ಎಸ್3, ಎಸ್5, ಎಸ್7, ಎಸ್9 ಈ ನಾಲ್ಕು ಲೈನುಗಳನ್ನು ಒಂದು ನಕ್ಷೆಯ ಮೇಲೆ ಬೆರಳಿಟ್ಟು ನೋಡಿ. ಆ ಗೆರೆಗಳ ಮೇಲೆ ಬರುವ ಪ್ರತಿ ಸ್ಟೇಷನ್ನೂ ನಿಮ್ಮ ಏರಿಯಾ ಆಗಬಹುದು. ಪಶ್ಚಿಮಕ್ಕೆ ಚಾರ್ಲೊಟೆನ್‌ಬುರ್ಗ್, ಪೂರ್ವಕ್ಕೆ ಲಿಶ್ಟನ್‌ಬೆರ್ಗ್, ಕಾರ್ಲ್ಸ್‌ಹೋರ್ಸ್ಟ್, ಕೋಪೆನಿಕ್, ಆಡ್ಲರ್ಸ್‌ಹೋಫ್, ಮಾರ್ಜಾನ್ ಎಲ್ಲವೂ ಟ್ರೇನು ಬದಲಿಸದೆ ಬರುವ ಜಾಗಗಳು.

ಈಗ ನಿಮ್ಮ ಸ್ನೇಹಿತರು ಹೇಳಿದ್ದರ ಬಗ್ಗೆ. ಫ್ರೀಡ್ರಿಶ್‌ಹೈನ್ ಒಬ್ಬರೇ ಇರುವ ತಿಂಗಳುಗಳಿಗೆ ಚೆನ್ನಾಗಿದೆ, ನನ್ನ ಅಭ್ಯಂತರವಿಲ್ಲ. ಆದರೆ ಆ ಸ್ಟೇಷನ್ ಪಕ್ಕದಲ್ಲೇ ಹಳೇ ರೈಲ್ವೆ ವರ್ಕ್‌ಶಾಪಿನ ಜಾಗದಲ್ಲಿ ಕ್ಲಬ್ಬುಗಳಿವೆ, ಸಿಮೋನ್-ಡಾಖ್ ಸ್ಟ್ರಾಸೆ ಪೂರ್ತಿ ಬಾರುಗಳಿವೆ. ಶುಕ್ರವಾರ, ಶನಿವಾರ ರಾತ್ರಿಯಿಡೀ ಟ್ರೇನು ಓಡುತ್ತದೆ, ಜನ ಬೆಳಗಿನ ಜಾವದವರೆಗೆ ಬಾಟಲಿ ಹಿಡಿದು ಓಡಾಡುತ್ತಿರುತ್ತಾರೆ. ಬೀದಿ ಕಡೆ ಮುಖ ಮಾಡಿದ ರೂಮಿನಲ್ಲಿ ಚಿಕ್ಕ ಮಗು ಮಲಗುವುದು ಕಷ್ಟ. ಪ್ರೆನ್ಸ್‌ಲಾವರ್ ಬೆರ್ಗ್ ಮಕ್ಕಳಿರುವವರಿಗೆ ನಿಜಕ್ಕೂ ಒಳ್ಳೆ ಜಾಗ, ಎರಡು ಬೀದಿಗೊಂದು ಆಟದ ಮೈದಾನವಿದೆ, ಎಂ10 ಟ್ರಾಮ್ ನೇರ ನಿಮ್ಮ ಆಫೀಸಿನ ಹತ್ತಿರ ಬರುತ್ತದೆ. ಆದರೆ ಅಲ್ಲಿ ಮನೆ ಬೇಕೆನ್ನುವವರು ಜಾಸ್ತಿ, ಬಾಡಿಗೆ ಜಾಸ್ತಿ, ಹೊಸದಾಗಿ ಬಂದವರ ಅರ್ಜಿ ಮೇಲಕ್ಕೆ ಬರುವುದು ಅಪರೂಪ. ಸಿಕ್ಕರೆ ಬಿಡಬೇಡಿ, ಅದಕ್ಕಾಗಿಯೇ ಕಾಯುತ್ತಾ ಕೂರಬೇಡಿ.

ನಾಯ್‌ಕೋಲ್ನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2001ರಲ್ಲಿ ಬರ್ಲಿನ್‌ನ 23 ಜಿಲ್ಲೆಗಳನ್ನು ಸೇರಿಸಿ 12 ಮಾಡಿದರು, ಹಾಗಾಗಿ ಒಂದೊಂದು ಜಿಲ್ಲೆಯೂ ಒಂದು ಊರಿನಷ್ಟು ದೊಡ್ಡದು. ಜಿಲ್ಲೆಯ ಹೆಸರು ನೋಡಿ ತೀರ್ಮಾನ ಮಾಡಿದರೆ ಎಡವುತ್ತೀರಿ. ಜನ ಹೆದರಿಸುವುದು ಉತ್ತರದ ತುದಿ, ಹೆರ್ಮಾನ್‌ಪ್ಲಾಟ್ಸ್, ಸೊನ್ನೆನಾಲೆ ಸುತ್ತಮುತ್ತ. ಅಲ್ಲೂ ಸಾವಿರಾರು ಸಂಸಾರಗಳು ನೆಮ್ಮದಿಯಾಗಿವೆ, ಮಂಗಳವಾರ ಮತ್ತು ಶುಕ್ರವಾರ ಮೈಬಾಖೂಫರ್ ಕಾಲುವೆ ದಂಡೆಯ ಸಂತೆಯಲ್ಲಿ ಬದನೆಕಾಯಿ, ಪುದೀನ, ಕೊತ್ತಂಬರಿ ಕಟ್ಟುಗಟ್ಟಲೆ ಸಿಗುತ್ತದೆ. ಗದ್ದಲ ಇದೆ, ಕಸ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಿಮಗೆ ತೊಂದರೆ ಅಂದರೆ ಅಲ್ಲಿಂದ ಆಫೀಸಿಗೆ ಬರಲು ಕೊಟ್‌ಬುಸ್ಸರ್ ಟೋರ್‌ನಲ್ಲಿ ಟ್ರೇನು ಬದಲಿಸಬೇಕು, ರಾತ್ರಿ ಹತ್ತರ ಮೇಲೆ ಆ ಸ್ಟೇಷನ್ನಿನಲ್ಲಿ ಕಾಯುವುದು ಯಾರಿಗೂ ಹಿತವಲ್ಲ. ಅದೇ ನಾಯ್‌ಕೋಲ್ನ್ ಜಿಲ್ಲೆಯ ದಕ್ಷಿಣದಲ್ಲಿ ಬ್ರಿಟ್ಸ್ ಇದೆ. ಕುದುರೆ ಲಾಳದ ಆಕಾರದಲ್ಲಿ ಕಟ್ಟಿದ ಮನೆಗಳ ಬಡಾವಣೆ ಅಲ್ಲಿದೆ, 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ತಮಿಳರು ಕಟ್ಟಿದ ಮುರುಗನ್ ದೇವಸ್ಥಾನವೂ ಅಲ್ಲೇ. ಮನೆ ಮುಂದೆ ತೋಟ, ಮರ, ಏಳು ಗಂಟೆಗೆಲ್ಲ ಬೀದಿ ಖಾಲಿ. ಎರಡೂ ನಾಯ್‌ಕೋಲ್ನ್ ಅಂತ ಹೇಳಿದರೆ ನಂಬಲಾರಿರಿ.

ನಾನಿರುವುದು ಕಾರ್ಲ್ಸ್‌ಹೋರ್ಸ್ಟ್‌ನಲ್ಲಿ, ಆದ್ದರಿಂದ ಈ ಕಡೆಯ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ. ಇದು ಲಿಶ್ಟನ್‌ಬೆರ್ಗ್ ಜಿಲ್ಲೆಯೊಳಗೆ ಬರುತ್ತದೆ, ಆ ಹೆಸರು ಕೇಳಿದ ತಕ್ಷಣ ಹಳಬರು ಹುಬ್ಬೇರಿಸುತ್ತಾರೆ. ಅದಕ್ಕೆ ಕಾರಣ ಇದೆ. ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ಬಿದ್ದ ಹೊಸತರಲ್ಲಿ, 1990ರಲ್ಲಿ, ಲಿಶ್ಟನ್‌ಬೆರ್ಗ್ ಸ್ಟೇಷನ್ ಹತ್ತಿರದ ವೈಟ್ಲಿಂಗ್ ಸ್ಟ್ರಾಸೆಯಲ್ಲಿ ಹೊರಗಿನವರನ್ನು ದ್ವೇಷಿಸುವ ನಿಯೋ-ನಾಜಿಗಳು ಮನೆ ಆಕ್ರಮಿಸಿಕೊಂಡು ಕೂತಿದ್ದರು. ಆ ಕೆಟ್ಟ ಹೆಸರು ಇನ್ನೂ ಪೂರ್ತಿ ಅಳಿದಿಲ್ಲ. ಇವತ್ತು ಅದೇ ಬೀದಿಯಲ್ಲಿ ವಿಯೆಟ್ನಾಮಿನವರ ಅಂಗಡಿ, ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವ ಅಪ್ಪಂದಿರು. ನಾನು ಸೀರೆಯುಟ್ಟು ಹಬ್ಬಕ್ಕೆ ಟ್ರಾಮ್ ಹತ್ತಿದರೆ ಪಕ್ಕದ ಅಜ್ಜಿ ಸೆರಗು ಮುಟ್ಟಿ ನೋಡಿ ಇದು ರೇಷ್ಮೆಯಾ ಅಂತ ಕೇಳುತ್ತಾರೆ. ಎಲ್ಲ ಕಡೆಯೂ ಎಲ್ಲ ದಿನವೂ ಹೀಗೇ ಅಂತ ನಾನು ಮಾತು ಕೊಡಲಾರೆ, ಬಿರುಸಾಗಿ ದಿಟ್ಟಿಸುವವರು ಯಾವ ಏರಿಯಾದಲ್ಲೂ ಸಿಗುತ್ತಾರೆ. ಆದರೆ ಮೂವತ್ತೈದು ವರ್ಷದ ಹಿಂದಿನ ಮಾತು ಕೇಳಿ ಈ ಕಡೆಯನ್ನೇ ಬಿಟ್ಟುಬಿಡಬೇಡಿ.

ಎಸ್3 ಹತ್ತಿದರೆ ಇಲ್ಲಿಂದ ನಿಮ್ಮ ಆಫೀಸು ಹತ್ತು ಹನ್ನೆರಡು ನಿಮಿಷ. ಟ್ರಾಮ್ ಕೂಡ ಇದೆ. ಪಶ್ಚಿಮ ಬರ್ಲಿನ್ 1967ರಲ್ಲೇ ಟ್ರಾಮ್ ಪೂರ್ತಿ ನಿಲ್ಲಿಸಿತು, ಪೂರ್ವದಲ್ಲಿ ಉಳಿಸಿಕೊಂಡರು, ಅದರ ಲಾಭ ಇಂದಿಗೂ ಈ ಕಡೆಯವರಿಗೆ. ಮಗು ಕರೆದುಕೊಂಡು ಓಡಾಡುವವರಿಗೆ ಮೆಟ್ಟಿಲು ಇಳಿಯದೆ ರಸ್ತೆಯಿಂದಲೇ ಹತ್ತುವ ಟ್ರಾಮ್ ಎಷ್ಟು ಅನುಕೂಲ ಅಂತ ನಿಮ್ಮ ಮನೆಯವರಿಗೆ ಮೊದಲ ವಾರವೇ ಗೊತ್ತಾಗುತ್ತದೆ. ಹೆರ್ಜ್‌ಬೆರ್ಗ್ ಸ್ಟ್ರಾಸೆಯಲ್ಲಿ ಡಾಂಗ್ ಶುವಾನ್ ಅನ್ನೋ ದೊಡ್ಡ ವಿಯೆಟ್ನಾಂ ಮಾರ್ಕೆಟ್ ಇದೆ. ಬೆಂಡೆಕಾಯಿ, ಹಸಿಮೆಣಸಿನಕಾಯಿ, ಅಕ್ಕಿಯ ದೊಡ್ಡ ಚೀಲ ಅಲ್ಲಿಂದಲೇ ತರುತ್ತೇವೆ. ಈ ಜಿಲ್ಲೆಯಲ್ಲಿ ಸರ್ಕಾರಿ ವಸತಿ ಕಂಪನಿಯಾದ ಹೊವೋಗೆಯ ಮನೆಗಳು ಬಹಳ. ಊರಿಗೆ ಸೇರಿದ ಇಂಥ ಕಂಪನಿಗಳ ಮನೆಗಳೆಲ್ಲ ಒಂದೇ ವೆಬ್‌ಸೈಟಿನಲ್ಲಿ ಬರುತ್ತವೆ, ಇನ್‌ಬರ್ಲಿನ್‌ವೋನೆನ್ ಅಂತ. ಬಂದ ದಿನವೇ ಅಲ್ಲಿ ಹೆಸರು ಹಾಕಿ.

ಚಾರ್ಲೊಟೆನ್‌ಬುರ್ಗ್ ಚೆಂದ, ದುಬಾರಿ. ಆಡ್ಲರ್ಸ್‌ಹೋಫ್ ಸಂಶೋಧನಾ ಕೇಂದ್ರಗಳ ಏರಿಯಾ, ಹೊಸ ಕಟ್ಟಡಗಳು, ಸಂಜೆ ಮೇಲೆ ತೀರಾ ಮೌನ. ಮಾರ್ಜಾನ್‌ನ ಎತ್ತರದ ಕಟ್ಟಡಗಳಲ್ಲಿ ಬಾಡಿಗೆ ಕಡಿಮೆ, ಮನೆ ದೊಡ್ಡದು. ಭಾಷೆ ಬರದೆ ಹೊಸದಾಗಿ ಬಂದ ಸಂಸಾರಕ್ಕೆ ಮೊದಲ ವರ್ಷ ಒಂಟಿ ಅನ್ನಿಸಬಹುದು ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಮೊದಲು ಏನು ಮಾಡಬೇಕು? ಮೂರ್ನಾಲ್ಕು ತಿಂಗಳಿಗೆ ಸಾಮಾನು ಸಮೇತ ಸಿಗುವ ಒಂದು ಚಿಕ್ಕ ಮನೆ ಅಥವಾ ಹಂಚಿಕೊಂಡು ಇರುವ ಮನೆಯಲ್ಲಿ ಒಂದು ರೂಮು ಹಿಡಿಯಿರಿ. ಬಾಡಿಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಪರವಾಗಿಲ್ಲ. ಆದರೆ ಒಂದು ಮಾತು ಖಚಿತ ಮಾಡಿಕೊಂಡೇ ದುಡ್ಡು ಕೊಡಿ: ಆ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ, ಮನೆ ಮಾಲೀಕರು ಅದಕ್ಕೆ ಬೇಕಾದ ಪತ್ರ ಸಹಿ ಮಾಡಿ ಕೊಡುತ್ತಾರಾ. ಮನೆಗೆ ಬಂದ ಎರಡು ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ನಿಮ್ಮ ವಿಳಾಸ ನೋಂದಾಯಿಸಬೇಕು, ಅದನ್ನೇ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಿಲ್ಲದೆ ತೆರಿಗೆ ನಂಬರ್ ಬರುವುದಿಲ್ಲ, ಆ ನಂಬರ್ ಇಲ್ಲದಿದ್ದರೆ ಸಂಬಳದಲ್ಲಿ ಹೆಚ್ಚು ತೆರಿಗೆ ಹಿಡಿಯುತ್ತಾರೆ. ಅಪಾಯಿಂಟ್‌ಮೆಂಟಿಗೆ ನಿಮ್ಮ ಏರಿಯಾದ ಕಚೇರಿಯೇ ಆಗಬೇಕಿಲ್ಲ, ಊರಿನ ಯಾವ ಬ್ಯುರ್ಗರ್‌ಆಮ್ಟ್ (ಇಂಥ ಕಚೇರಿಗಳಿಗೆ ಇಲ್ಲಿನ ಹೆಸರು) ಆದರೂ ನಡೆಯುತ್ತದೆ. ಬೆಳಗ್ಗೆ ಬೇಗ ವೆಬ್‌ಸೈಟ್ ನೋಡಿ, ಯಾರಾದರೂ ಬಿಟ್ಟ ಸಮಯ ಸಿಗುತ್ತದೆ.

ಅಷ್ಟರಲ್ಲಿ ಮೂರು ತಿಂಗಳ ಸಂಬಳದ ಚೀಟಿ ಕೈಗೆ ಬರುತ್ತದೆ. ಇಲ್ಲಿ ಮನೆ ಕೊಡುವವರು ಮೊದಲು ಕೇಳೋದೇ ಅದನ್ನು, ಜೊತೆಗೆ ಶೂಫಾ ಅನ್ನೋ ಸಾಲದ ದಾಖಲೆ. ಸಾಮಾನ್ಯವಾಗಿ ಕೈಗೆ ಬರುವ ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕು ಅಂತ ನೋಡುತ್ತಾರೆ. ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್ ಅಂದರೆ ಬರೀ ಮನೆಗೆ, ವಾರ್ಮ್ ಅಂದರೆ ನಿರ್ವಹಣೆ, ಹೆಚ್ಚಾಗಿ ನೀರು ಮತ್ತು ಹೀಟಿಂಗ್ ಸೇರಿಸಿ. ಕರೆಂಟು, ಇಂಟರ್ನೆಟ್ ಬೇರೆ. ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನ ಹತ್ತು ತಿಂಗಳ ಲೆಕ್ಕ ಮರೆತುಬಿಡಿ. ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಆದರೆ ಕೈಯಲ್ಲಿ ಬೇರೆ ದುಡ್ಡು ಇಟ್ಟುಕೊಂಡಿರಿ, ಯಾಕೆಂದರೆ ಅಡುಗೆಮನೆ ಹೆಚ್ಚಾಗಿ ಖಾಲಿ ಸಿಗುತ್ತದೆ. ಒಲೆ, ಸಿಂಕ್ ಬಿಟ್ಟರೆ ಕಪಾಟು, ಕಟ್ಟೆ, ಫ್ರಿಜ್ ಏನೂ ಇರುವುದಿಲ್ಲ. ಬಲ್ಬಿನ ಹೋಲ್ಡರ್ ಕೂಡ ಬಿಚ್ಚಿಕೊಂಡು ಹೋಗಿರುತ್ತಾರೆ, ಚಾವಣಿಯಿಂದ ಎರಡು ವೈರು ನೇತಾಡುತ್ತಿರುತ್ತದೆ. ಹಳೇ ಬಾಡಿಗೆಯವರು ತಮ್ಮ ಕಪಾಟನ್ನು ನಿಮಗೇ ಮಾರಲು ಒಪ್ಪಿದರೆ, ಬೆಲೆ ನ್ಯಾಯವಾಗಿದ್ದರೆ, ಕೊಂಡುಬಿಡಿ.

ಮಗಳ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಏರಿಯಾ ತೀರ್ಮಾನ ಮಾಡಬೇಕಾದದ್ದು ಅವಳೇ. ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳು ಆ ವರ್ಷವೇ ಶಾಲೆಗೆ ಸೇರಬೇಕು, ಯಾವ ಶಾಲೆ ಅನ್ನೋದು ಮೊದಲಿಗೆ ಮನೆ ವಿಳಾಸದ ಮೇಲೆ ನಿಂತಿದೆ. ಇಲ್ಲಿ ಪ್ರೈಮರಿ ಆರನೇ ಕ್ಲಾಸಿನವರೆಗೆ. ಅಂದರೆ ತಾತ್ಕಾಲಿಕ ಮನೆಯ ನಂತರ ನೀವು ಹಿಡಿಯುವ ಎರಡನೇ ಮನೆ ಅವಳ ಬಾಲ್ಯದ ಸ್ನೇಹಿತರನ್ನು ನಿರ್ಧರಿಸುತ್ತದೆ. ಮನೆ ಪಕ್ಕಾ ಮಾಡುವ ಮೊದಲು ಆ ವಿಳಾಸಕ್ಕೆ ಯಾವ ಶಾಲೆ ಬರುತ್ತದೆ ನೋಡಿ, ಬೆಳಗ್ಗೆ ಎಂಟಕ್ಕೆ ಅದರ ಗೇಟಿನ ಮುಂದೆ ಹೋಗಿ ನಿಲ್ಲಿ. ಅಲ್ಲಿಯವರೆಗೆ ಕೀಟಾಗೆ, ಅಂದರೆ ಶಿಶುವಿಹಾರಕ್ಕೆ, ಹಾಕಬಹುದು. ಬರ್ಲಿನ್‌ನಲ್ಲಿ 2018ರಿಂದ ಕೀಟಾಗೆ ಫೀಸಿಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ ಅಷ್ಟೇ. ಅದಕ್ಕೆ ಜಿಲ್ಲೆಯ ಮಕ್ಕಳ ಇಲಾಖೆಯಿಂದ ಗುಟ್‌ಶೈನ್ ಅನ್ನೋ ಅರ್ಹತಾ ಪತ್ರ ಪಡೆಯಬೇಕು, ನಿಮ್ಮ ಮನೆಯವರು ಬರುವ ಮೊದಲೇ ಕೀಟಾಗಳಿಗೆ ಬರೆಯಲು ಶುರು ಮಾಡಿ.

ಮನೆ ನೋಡಲು ಹೋದಾಗ ಕಿಟಕಿ ಹತ್ತಿರ ನಿಂತು ಆಕಾಶ ಕಾಣುತ್ತದಾ ನೋಡಿ. ಹಳೇ ಕಟ್ಟಡಗಳಲ್ಲಿ ಅಂಗಳದ ಹಿಂದಿನ ಭಾಗದ ಮನೆಗಳು ಬೀದಿ ಸದ್ದಿಲ್ಲದೆ ಶಾಂತವಾಗಿರುತ್ತವೆ, ಆದರೆ ಕೆಳಗಿನ ಮಹಡಿಗಳಿಗೆ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ದಾವಣಗೆರೆ ಬಿಸಿಲಿನಲ್ಲಿ ಬೆಳೆದವರಿಗೆ, ಅದರಲ್ಲೂ ಮನೆಯಲ್ಲೇ ಇರುವವರಿಗೆ, ಆ ಕತ್ತಲು ಮನಸ್ಸಿಗೆ ಹತ್ತುತ್ತದೆ. ಇಪ್ಪತ್ತು ನಿಮಿಷ ದೂರವಾದರೂ ಸರಿ, ಬೆಳಕಿರುವ ಮನೆ ಆರಿಸಿ. ಅದೇ ಬೀದಿಗೆ ಶುಕ್ರವಾರ ರಾತ್ರಿ ಒಮ್ಮೆ, ಅಂಗಡಿಗಳೆಲ್ಲ ಮುಚ್ಚಿರುವ ಭಾನುವಾರ ಮಧ್ಯಾಹ್ನ ಒಮ್ಮೆ ಸುಮ್ನೆ ನಡೆದು ಬನ್ನಿ.

ಇನ್ನೊಂದು ಎಚ್ಚರಿಕೆ. ಫೋಟೋ ಚೆನ್ನಾಗಿದೆ, ಬಾಡಿಗೆ ಆಶ್ಚರ್ಯವಾಗುವಷ್ಟು ಕಡಿಮೆ, ಮಾಲೀಕ ಬೇರೆ ದೇಶದಲ್ಲಿದ್ದಾನಂತೆ, ದುಡ್ಡು ಹಾಕಿದರೆ ಕೀ ಕೊರಿಯರ್ ಮಾಡುತ್ತಾನಂತೆ. ಇಂಥ ಮೇಲ್ ಬಂದರೆ ಉತ್ತರವನ್ನೇ ಕೊಡಬೇಡಿ. ಮನೆ ನೋಡದೆ, ಕರಾರು ಓದದೆ ಒಂದು ಯೂರೋ ಕೂಡ ಕಳಿಸಬೇಡಿ. ತಾತ್ಕಾಲಿಕ ಮನೆಗೂ ಇದೇ ಮಾತು. ನೀವೇ ಹೋಗಿ ನೋಡಲು ಆಗದಿದ್ದರೆ ವಿಳಾಸ ನನಗೆ ಕಳಿಸಿ. ಎಸ್3 ಲೈನಿನಲ್ಲಿದ್ದರೆ ನಾನೇ ಶನಿವಾರ ಹೋಗಿ ಬಾಗಿಲು ತಟ್ಟಿ, ಕಿಟಕಿಯಿಂದ ಒಂದು ವಿಡಿಯೋ ಮಾಡಿ ಕಳಿಸುತ್ತೇನೆ. ಬೇರೆ ಕಡೆಯಾದರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಆ ಏರಿಯಾದವರು ಯಾರಾದರೂ ಇದ್ದೇ ಇರುತ್ತಾರೆ, ಕೇಳಿಸುತ್ತೇನೆ.