ಬ್ರೆಯೋಗಾನನ ನಾಡಿನವರು ಕೆಲ್ಟರೇ?

ಪ್ರಶ್ನೆ: ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ, ಸಾಂತಿಯಾಗೊ ದೆ ಕಂಪೊಸ್ತೆಲಾದ ಯಾತ್ರೆಯ ದಾರಿಯಲ್ಲಿ ಒಂದು ವಾರ ನಡೆದೆ. ಊರೂರಲ್ಲೂ ಬ್ಯಾಗ್‌ಪೈಪ್ ಸದ್ದು, ಅಂಗಡಿಗಳಲ್ಲಿ ಮೂರು ಸುರುಳಿಯ ಪದಕಗಳು. 'ನಾವು ಕೆಲ್ಟರು, ಐರಿಷ್ ಜನರ ಬಂಧುಗಳು' ಎಂದರು ವಸತಿಗೃಹದ ಯಜಮಾನರು. ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ಮ್ಯಾಡ್ರಿಡ್‌ನವರೊಬ್ಬರು 'ಅದೆಲ್ಲ ಕಟ್ಟುಕಥೆ' ಎಂದು ನಕ್ಕುಬಿಟ್ಟರು. ಯಾರ ಮಾತನ್ನು ನಂಬಲಿ?

ಉತ್ತರ: ಕೆಲ್ಟರೆಂದರೆ ಪ್ರಾಚೀನ ಯುರೋಪಿನಲ್ಲಿ ಕೆಲ್ಟಿಕ್ ಭಾಷೆಗಳನ್ನಾಡುತ್ತಿದ್ದ ಜನ. ಐರಿಷ್ ಆ ಭಾಷೆಗಳಲ್ಲೊಂದು. ಮ್ಯಾಡ್ರಿಡ್‌ನವರು ನಗುವ ಮೊದಲು ಒಂದು ಸಮಾಧಿಗಲ್ಲನ್ನು ನೋಡಬೇಕಿತ್ತು. ರೋಮನ್ನರ ಕಾಲದ ಆ ಕಲ್ಲು 25ನೆಯ ವಯಸ್ಸಿಗೆ ತೀರಿಕೊಂಡ ಆಪಾನಾ ಎಂಬ ಹೆಣ್ಣುಮಗಳದು. ನಿಲ್ಲಿಸಿದವನು ಆಕೆಯ ಸೋದರ. ಹೆಸರಿನ ಪಕ್ಕದಲ್ಲಿ ಆಕೆಯ ಜನವನ್ನೂ ಕೆತ್ತಿಸಿದ್ದಾನೆ: 'ಕೆಲ್ಟಿಕಾ ಸುಪೆರ್‌ತಮಾರಿಕಾ', ಅಂದರೆ ಇಂದಿನ ತಾಂಬ್ರೆ ನದಿಯಾಚೆಯ ಕೆಲ್ಟಿಕ್ ಜನರವಳು. ಪ್ಲಿನಿ, ಪೊಂಪೋನಿಯಸ್ ಮೇಲಾ ಮೊದಲಾದ ಪ್ರಾಚೀನ ಲೇಖಕರೂ ಈ ಕರಾವಳಿಯಲ್ಲಿ ಕೆಲ್ಟಿಕ್ ಬಣಗಳಿದ್ದವೆಂದು ಬರೆದಿದ್ದಾರೆ. ಹಾಗೆಂದು ನಿಮ್ಮ ಯಜಮಾನರು ಗೆದ್ದರೆಂದಲ್ಲ. ಆ ಹೆಸರು ಕೆಲವು ಬಣಗಳದ್ದು ಮಾತ್ರ. ಇಡೀ ನಾಡಿನವರನ್ನು ರೋಮನ್ನರು ಕರೆದದ್ದು ಗಲ್ಲೈಕಿ ಎಂದು. ಗಲೀಸಿಯಾ ಎಂಬ ಹೆಸರು ಅಲ್ಲಿಂದ ಬಂದದ್ದು.

ಅವರೆಲ್ಲ ಯಾವ ಭಾಷೆ ಆಡುತ್ತಿದ್ದರು ಎಂಬುದರಲ್ಲೇ ನಿಜವಾದ ಗಂಟು ಇದೆ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಹಳಗನ್ನಡದ 'ಪಂದಿ' ನಮ್ಮ ಬಾಯಲ್ಲಿ 'ಹಂದಿ' ಆಗಿದೆಯಲ್ಲವೇ? ಕೆಲ್ಟಿಕ್ ಭಾಷೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಪಕಾರವನ್ನು ಪೂರ್ತಿ ನುಂಗಿಬಿಟ್ಟವು. ಲ್ಯಾಟಿನ್ನಿನಲ್ಲಿ ಹಂದಿ 'ಪೋರ್ಕುಸ್'. ಹಳೆಯ ಐರಿಷ್‌ನಲ್ಲಿ 'ಓರ್ಕ್'. ಗಲೀಸಿಯಾದ ದಕ್ಷಿಣಕ್ಕೆ, ಇಂದಿನ ಪೋರ್ಚುಗಲ್‌ನಲ್ಲಿ ಸಿಕ್ಕ ಲುಸಿತಾನಿಯನ್ ಶಾಸನದಲ್ಲಿ ಅದು 'ಪೋರ್ಕೊಮ್' ಎಂದೇ ಇದೆ. ಪಕಾರ ಉಳಿದಿದೆ, ಆದ್ದರಿಂದ ಆ ಭಾಷೆ ಕೆಲ್ಟಿಕ್ ಅಲ್ಲ ಎಂಬುದು ಹೆಚ್ಚಿನ ಭಾಷಾಶಾಸ್ತ್ರಜ್ಞರ ವಾದ. ಗಲೀಸಿಯಾದಲ್ಲಿ ಎರಡೂ ಬಗೆಯ ಗುರುತುಗಳು ಬೆರೆತಿವೆ. ನೆಮೆತೊಬ್ರಿಗಾದಂತಹ ಊರ ಹೆಸರಿನ 'ಬ್ರಿಗಾ', ಅಂದರೆ ಕೋಟೆಯಿರುವ ದಿಬ್ಬ, ಅಪ್ಪಟ ಕೆಲ್ಟಿಕ್. ಲುಗುಸ್ ಎಂಬ ಕೆಲ್ಟಿಕ್ ದೇವರಿಗೆ ಒಪ್ಪಿಸಿದ ಕಲ್ಲುಗಳೂ ಇವೆ. ಆದರೆ ಲುಸಿತಾನಿಯನ್ನರು ಪೂಜಿಸುತ್ತಿದ್ದ ದೇವರುಗಳೂ ಇಲ್ಲಿ ಅಷ್ಟೇ ಧಾರಾಳವಾಗಿ ಸಿಗುತ್ತಾರೆ.

ನೀವು ದಾರಿಯಲ್ಲಿ ನೋಡಿರಬಹುದಾದ 'ಕಾಸ್ತ್ರೊ'ಗಳು, ಅಂದರೆ ದುಂಡು ಕಲ್ಲುಮನೆಗಳ ಗುಡ್ಡದ ಕೋಟೆಗಳು, ಈ ಜಗಳವನ್ನು ಬಗೆಹರಿಸುವುದಿಲ್ಲ. ಗೋಡೆಗೆ ಭಾಷೆ ಇರುವುದಿಲ್ಲ.

ಹಾಗಾದರೆ ಇಷ್ಟು ಜೋರಾದ ಕೆಲ್ಟಿಕ್ ಅಭಿಮಾನ ಎಲ್ಲಿಂದ ಬಂತು? 19ನೆಯ ಶತಮಾನದಿಂದ. ಆಗಿನ ಗಲೀಸಿಯಾ ಬಡ ನಾಡು. ಅಲ್ಲಿನ ಗಂಡಸರು ಸ್ಪೇನಿನ ನಡುನಾಡಾದ ಕಸ್ತೀಲಿಯಾಕ್ಕೆ ಪೈರು ಕೊಯ್ಯಲು ಹೋಗಿ ಅವಮಾನ ಉಂಡು ಬರುತ್ತಿದ್ದರು. 'ಗಾಲ್ಯೇಗೊ', ಅಂದರೆ ಗಲೀಸಿಯಾದವನು, ಎಂಬ ಮಾತೇ ಒಂದು ಬೈಗುಳದಂತಿತ್ತು. ಸ್ಪೇನಿನ ಚರಿತ್ರೆಯೆಂದರೆ ಕಸ್ತೀಲಿಯಾದ ಚರಿತ್ರೆ. ಇಂತಹ ಹೊತ್ತಿನಲ್ಲಿ ಮಾನುವೆಲ್ ಮುರ್ಗಿಯಾ ಎಂಬ ಇತಿಹಾಸಕಾರರು 1865ರಿಂದ ತಮ್ಮ ನಾಡಿನ ಚರಿತ್ರೆಯನ್ನು ಪ್ರಕಟಿಸತೊಡಗಿ, ಗಲೀಸಿಯನ್ನರು ಕೆಲ್ಟರ ಸಂತತಿ, ಆದ್ದರಿಂದ ಬೇರೆಯೇ ಜನ ಎಂದು ವಾದಿಸಿದರು. ಗಲೀಸಿಯನ್ ಭಾಷೆಯ ಮಹಾಕವಯಿತ್ರಿ ರೊಸಾಲಿಯಾ ದೆ ಕಾಸ್ತ್ರೊ ಅವರ ಪತಿ ಇವರೇ. ಅವರ ವಾದಕ್ಕೆ ಒಂದು ಕೊಳಕು ಮಗ್ಗುಲೂ ಇತ್ತು: ಕೆಲ್ಟರು 'ಆರ್ಯರು', ದಕ್ಷಿಣ ಸ್ಪೇನಿನವರು 'ಸೆಮೆಟಿಕ್', ಅಂದರೆ ಅರಬ್, ಯಹೂದಿ ರಕ್ತ ಬೆರೆತವರು ಎಂಬ ಅಂದಿನ ಜನಾಂಗವಾದ. ಇಂದಿನ ಅಭಿಮಾನಿಗಳು ಇದನ್ನು ನೆನೆಯುವುದು ಕಡಿಮೆ.

ಮುರ್ಗಿಯಾ ಅವರ ಗೆಳೆಯ, ಕವಿ ಎದುವಾರ್ದೊ ಪೊಂದಾಲ್ ಒಬ್ಬ ಮೂಲಪುರುಷನನ್ನೂ ತಂದು ನಿಲ್ಲಿಸಿದರು: ಬ್ರೆಯೋಗಾನ್. ಈ ಕಥೆಯ ಪ್ರಯಾಣ ನನಗೆ ಬಹಳ ಇಷ್ಟ. 5ನೆಯ ಶತಮಾನದ ಒರೋಸಿಯಸ್ ಎಂಬ ಲೇಖಕ, ಬ್ರಿಗಾಂತಿಯಾ ಎಂಬ ಊರಿನಲ್ಲಿ ಬ್ರಿಟನ್ನಿನ ದಿಕ್ಕಿಗೆ ಮುಖಮಾಡಿದ ಎತ್ತರದ ದೀಪಸ್ತಂಭವಿದೆ ಎಂದು ಬರೆದ. ಅವನೂ ಇದೇ ಸೀಮೆಯವನೆಂದು ನಂಬಿಕೆ. ಅವನ ಲ್ಯಾಟಿನ್ ಗ್ರಂಥವನ್ನು ಐರ್ಲೆಂಡಿನ ಪಾದ್ರಿಗಳು ಓದಿದರು. 11ನೆಯ ಶತಮಾನದ ಹೊತ್ತಿಗೆ ಅವರ ಕೈಯಲ್ಲಿ ಅದು ಪುರಾಣವಾಯಿತು: ಗೋಪುರ ಕಟ್ಟಿಸಿದವನು ಬ್ರೆಯೋಗಾನ್, ಅವನ ಮಗ ಈಥ್ ಅದರ ತುದಿಯಿಂದ ಐರ್ಲೆಂಡನ್ನು ಕಂಡ, ವಂಶದವರು ಹಡಗು ಹತ್ತಿದರು. ನಡುವೆ ಸುಮಾರು 900 ಕಿಲೋಮೀಟರ್ ಸಮುದ್ರವಿದೆ. ಈಥನ ಕಣ್ಣು ಚುರುಕಾಗಿತ್ತೆನ್ನಬೇಕು! ಎಂಟು ಶತಮಾನಗಳ ಬಳಿಕ ಪೊಂದಾಲ್ ಅದೇ ಕಥೆಯನ್ನು ಮನೆಗೆ ಕರೆತಂದರು. ಅವರ 'ಪೈನ್ ಮರಗಳು' ಕವಿತೆ ರಾಗಸಂಯೋಜನೆಯೊಂದಿಗೆ ಮೊದಲು ಮೊಳಗಿದ್ದು 1907ರಲ್ಲಿ, ಹವಾನಾದ ವಲಸಿಗರ ನಡುವೆ. ಇಂದು ಅದು ಗಲೀಸಿಯಾದ ಅಧಿಕೃತ ನಾಡಗೀತೆ. ಅದರಲ್ಲಿ ನಾಡಿನ ಹೆಸರೇ 'ಬ್ರೆಯೋಗಾನನ ನಾಡು'. ಒರೋಸಿಯಸ್ ಬರೆದ ಆ ರೋಮನ್ ದೀಪಸ್ತಂಭ ಗಲೀಸಿಯಾದ ಕೊರುನ್ಯಾ ನಗರದಲ್ಲಿ ಈಗಲೂ ನಿಂತಿದೆ.

ಬ್ಯಾಗ್‌ಪೈಪನ್ನು ಸಾಕ್ಷಿಯಾಗಿ ಎಣಿಸಬೇಡಿ. ಮಧ್ಯಯುಗದಲ್ಲಿ ಅದು ಯುರೋಪಿನ ತುಂಬ ಇತ್ತು. ಇನ್ನು ಬ್ರಿಟನ್ನಿನಿಂದ ನಿಜವಾಗಿ ಬಂದ ಕೆಲ್ಟಿಕ್ ವಲಸಿಗರ ವಿಷಯ ಗಲೀಸಿಯಾದಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ: ಅವರದೊಂದು ಕ್ರೈಸ್ತ ಧರ್ಮಪ್ರಾಂತ್ಯ ಇಲ್ಲಿನ ಉತ್ತರ ಭಾಗದಲ್ಲಿತ್ತು, ಅದರ ಬಿಷಪ್ ಮೈಲೊಕ್ 572ರಲ್ಲಿ ಇಂದಿನ ಪೋರ್ಚುಗಲ್‌ನ ಬ್ರಾಗಾದಲ್ಲಿ ಸೇರಿದ ಚರ್ಚ್ ಸಭೆಯಲ್ಲಿ ಕುಳಿತಿದ್ದರು.

ಒಂದು ವಿಪರ್ಯಾಸವೂ ಇದೆ. 1980ರ ದಶಕದಲ್ಲಿ ಗಲೀಸಿಯಾವನ್ನು ಸೇರಿಸಿಕೊಳ್ಳುವ ಮನವಿಯನ್ನು ಕೆಲ್ಟಿಕ್ ನಾಡುಗಳ ಸಂಘಟನೆಯಾದ ಕೆಲ್ಟಿಕ್ ಲೀಗ್ ತಿರಸ್ಕರಿಸಿತು. ಕಾರಣ, ಅಲ್ಲಿ ಕೆಲ್ಟಿಕ್ ಭಾಷೆ ಬದುಕಿಲ್ಲ. ಗಲೀಸಿಯನ್ ಭಾಷೆ ಲ್ಯಾಟಿನ್ನಿನ ಮಗಳು, ಪೋರ್ಚುಗೀಸಿನ ಒಡಹುಟ್ಟು. ಸರ್ವಾಧಿಕಾರಿ ಫ್ರಾಂಕೊನ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳಿಂದ ಹೊರಗುಳಿದು, 1981ರ ಸ್ವಾಯತ್ತತೆಯ ಶಾಸನದಲ್ಲಿ ಅಧಿಕೃತ ಸ್ಥಾನ ಪಡೆದ ಈ ಭಾಷೆಯೇ ಅವರನ್ನು ಬೇರೆ ಜನವಾಗಿ ಉಳಿಸಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಬಿಟ್ಟು ಬ್ರೆಯೋಗಾನನನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲ.

ಪ್ರಶ್ನೆ: ಡಿಎನ್‌ಎ ಪರೀಕ್ಷೆಯಿಂದ ಇದು ತೀರ್ಮಾನವಾಗುವುದಿಲ್ಲವೇ?

ಉತ್ತರ: ಇಲ್ಲ. ಕೆಲ್ಟಿಕ್ ಎಂಬುದು ಭಾಷಾಕುಲದ ಹೆಸರು. ಅದಕ್ಕೆ ವಂಶವಾಹಿ ಇರುವುದಿಲ್ಲ. ಐರಿಷರಿಗೂ ಗಲೀಸಿಯನ್ನರಿಗೂ ಸಾಮಾನ್ಯವೆಂದು ಜಾಲತಾಣಗಳಲ್ಲಿ ಮೆರೆಸುವ ಗುರುತು ಇಡೀ ಪಶ್ಚಿಮ ಯುರೋಪಿನಲ್ಲಿದೆ, ಉತ್ತರ ಸ್ಪೇನಿನ, ಕೆಲ್ಟರಲ್ಲದ ಬಾಸ್ಕ್ ಜನರಲ್ಲೂ ಹೇರಳವಾಗಿದೆ. 2019ರಲ್ಲಿ ಪ್ರಕಟವಾದ ಸ್ಪೇನಿನ ದೊಡ್ಡ ಅಧ್ಯಯನವೊಂದು ಉತ್ತರ ಆಫ್ರಿಕಾ ಮೂಲದ ಅಂಶ ಗಲೀಸಿಯಾ ಸೇರಿದಂತೆ ಪಶ್ಚಿಮ ಭಾಗದಲ್ಲೇ ಹೆಚ್ಚೆಂದು ತೋರಿಸಿತು. ಮುರ್ಗಿಯಾ ಇದನ್ನು ಓದಿದ್ದರೆ ಎಂದುಕೊಂಡು ನಾನು ಒಬ್ಬನೇ ನಕ್ಕಿದ್ದೇನೆ.

ಪ್ರಶ್ನೆ: ರಾತ್ರಿ ಮಣ್ಣಿನ ಪಾತ್ರೆಯಲ್ಲಿ ಮದ್ಯಕ್ಕೆ ಬೆಂಕಿ ಹಚ್ಚಿ, ಗೂಬೆ, ಕಪ್ಪೆ, ಮಾಟಗಾತಿಯರ ಹೆಸರು ಹಿಡಿದು ಮಂತ್ರ ಹೇಳಿದರು. ಅದಾದರೂ ಪ್ರಾಚೀನವೇ?

ಉತ್ತರ: 'ಕೇಮಾದಾ'. ಭಟ್ಟಿ ಇಳಿಸುವ ವಿದ್ಯೆಯೂ ಸಕ್ಕರೆಯೂ ಅರಬ್ಬರ ಮೂಲಕ ಅಲ್ಲಿಗೆ ಬಂದದ್ದು ಮಧ್ಯಯುಗದಲ್ಲಿ. ಕೆಲ್ಟರ ಬಳಿ ಅವೆರಡೂ ಇರಲಿಲ್ಲ. ಮಂತ್ರವನ್ನು ಬರೆದವರು ವೀಗೊ ನಗರದ ಮಾರಿಯಾನೊ ಮಾರ್ಕೊಸ್ ಅಬಾಲೊ, 1967ರಲ್ಲಿ. ಆದರೂ ಮಂತ್ರ ಮುಗಿಯುವವರೆಗೆ ಕಾಯುವುದು ಒಳ್ಳೆಯದು. ನೀಲಿ ಉರಿಯನ್ನು ಬೇಗ ಆರಿಸಿದಷ್ಟೂ ಪಾತ್ರೆಯಲ್ಲಿ ಮದ್ಯಸಾರ ಹೆಚ್ಚು ಉಳಿಯುತ್ತದೆ, ಮರುದಿನ ನಿಮಗೆ ಇಪ್ಪತ್ತು ಕಿಲೋಮೀಟರ್ ನಡೆಯುವುದಿರುತ್ತದೆ.