ಪಕ್ಕದ ಮನೆಗೆ ಬಂದ ಹುಡುಗ

‘ಬೇರೆ ರಾಜ್ಯದಲ್ಲಿ ತಪ್ಪು ಮಾಡಿದವನನ್ನು ನಮ್ಮ ಟೆಕ್ಸಾಸ್ ಯಾಕೆ ನೋಡಿಕೊಳ್ಳಬೇಕು?’ ಎಂದು ಅಮೆರಿಕದ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಅವರ ಪಕ್ಕದ ಮನೆಯ ಹುಡುಗನಿಗೆ ಓಹಾಯೊದಲ್ಲಿ ಕಳ್ಳತನದ ಕೇಸಿನಲ್ಲಿ ಪ್ರೊಬೇಷನ್ ಆಗಿದೆ, ಅಂದರೆ ಜೈಲಿನ ಬದಲು ಷರತ್ತಿನ ಮೇಲೆ, ಅಧಿಕಾರಿಯ ಕಣ್ಗಾವಲಿನಲ್ಲಿ ಹೊರಗಿರುವ ಶಿಕ್ಷೆ. ಈಗ ತಾಯಿಯ ಜೊತೆ ಇರಲು ಬಂದಿದ್ದಾನಂತೆ.

ನಿಮಗೆ ಚಿಕ್ಕ ಮಕ್ಕಳಿದ್ದಾರೆ, ಭಯ ಸಹಜ. ಆದರೆ ‘ಅಲ್ಲಿಯ ಕಸ ಇಲ್ಲಿಗೆ’ ಎಂದಿದ್ದೀರಲ್ಲ, ಇಷ್ಟು ವರ್ಷ ನಮ್ಮನ್ನು ಓದಿದ ನಿಮ್ಮ ಬಾಯಲ್ಲಿ ಆ ಮಾತು ಬರಬಾರದಿತ್ತು.

ಅವನು ಸುಮ್ನೆ ಗಂಟುಮೂಟೆ ಕಟ್ಟಿಕೊಂಡು ಬಂದವನಲ್ಲ. ಪ್ರೊಬೇಷನ್ನಿನಲ್ಲಿರುವವರು ಬೇರೆ ರಾಜ್ಯಕ್ಕೆ ಹೋಗುವುದಕ್ಕೆ ರಾಜ್ಯಗಳ ನಡುವೆ 1937ರಿಂದಲೇ ಒಪ್ಪಂದವಿದೆ. ಅದರ ಜಾಗಕ್ಕೆ 2002ರಲ್ಲಿ ಬಂದ ಹೊಸ ಒಪ್ಪಂದದಲ್ಲಿ 50 ರಾಜ್ಯಗಳೂ ಇವೆ. ಮನೆಯವರ ಆಸರೆ ಕೇಳಿ ಬರುವವನಿಗೆ 90 ದಿನಕ್ಕಿಂತ ಹೆಚ್ಚು ಪ್ರೊಬೇಷನ್ ಬಾಕಿ ಇರಬೇಕು, ಷರತ್ತುಗಳನ್ನು ಪಾಲಿಸುತ್ತಿರಬೇಕು. ಮನೆಯವರು ಕನಿಷ್ಠ 180 ದಿನದಿಂದ ಅವನು ಹೋಗುವ ರಾಜ್ಯದಲ್ಲೇ ವಾಸವಿದ್ದು ‘ನಾವು ನೋಡಿಕೊಳ್ಳುತ್ತೇವೆ’ ಎನ್ನಬೇಕು. ಹೊಟ್ಟೆಪಾಡಿಗೂ ದಾರಿ ಇರಬೇಕು. ಇವನ್ನೆಲ್ಲ ವಿಚಾರಿಸಿ ಉತ್ತರ ಕೊಡಲು ನಿಮ್ಮ ರಾಜ್ಯಕ್ಕೆ 45 ದಿನ ಸಿಗುತ್ತದೆ. ಆಮೇಲೂ ಆಫೀಸರ್ ಕಾರು ಆಗಾಗ ಬಂದು ನಿಲ್ಲುತ್ತದೆ ಎಂದು ನೀವೇ ಬರೆದಿದ್ದೀರಿ. ತಪ್ಪಿ ನಡೆದರೆ ವರದಿ ಓಹಾಯೊಗೆ ಹೋಗುತ್ತದೆ, ಅವರು ವಾಪಸ್ ಕರೆಸಿಕೊಳ್ಳಬಹುದು. ಇನ್ನೇನು ಬೇಕು?

1841ರಲ್ಲಿ ಬಾಸ್ಟನ್ನಿನ ಬೂಟು ಹೊಲಿಯುವ ಜಾನ್ ಅಗಸ್ಟಸ್, ಕೋರ್ಟಿನಲ್ಲಿ ನಿಂತಿದ್ದ ಒಬ್ಬ ಕುಡುಕನಿಗೆ ಜಾಮೀನು ಕೊಟ್ಟ. ಮೂರು ವಾರದ ನಂತರ ಅದೇ ಮನುಷ್ಯ ಗುರುತೇ ಸಿಗದಷ್ಟು ಬದಲಾಗಿ ಕೋರ್ಟಿಗೆ ಬಂದ. ಪ್ರೊಬೇಷನ್ ಹುಟ್ಟಿದ್ದು ಹಾಗೆ. ಅಗಸ್ಟಸ್ ಅವನಿಗೆ ಕೊಟ್ಟದ್ದು ನಂಬಿಕೆ, ಜೊತೆಗೊಂದು ಆಸರೆ. ಗುರುತು ಪರಿಚಯ ಇಲ್ಲದ ಊರಿನಲ್ಲಿ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬಿದ್ದಿರುವ ಹುಡುಗ ದಾರಿ ತಪ್ಪುವ ಸಾಧ್ಯತೆಯೇ ಜಾಸ್ತಿ ಅಲ್ವಾ? ತಾಯಿ ಬಡಿಸಿದ್ದನ್ನು ಉಂಡು ಬೆಳಗ್ಗೆ ಕೆಲಸಕ್ಕೆ ಹೋಗುವವನಿಂದ ನಿಮ್ಮ ಬೀದಿಗೂ ಕ್ಷೇಮ.

ನನ್ನ ಸಿಟ್ಟೆಲ್ಲ ಬೇರೆ ಕಡೆಗಿದೆ. ವರ್ಗಾವಣೆ ಅರ್ಜಿಗೆ ಕಳಿಸುವ ರಾಜ್ಯ ಫೀಸು ಕೇಳಬಹುದು, ಕಣ್ಣಿಡುವುದಕ್ಕೆ ಇಟ್ಟುಕೊಂಡ ರಾಜ್ಯವೂ ಕೇಳಬಹುದು. ಕೆಲಸ ಕಳೆದುಕೊಂಡವನ ಜೇಬಿಗೇ ಎರಡು ಕಡೆಯಿಂದ ಕೈ! ಬಂಧನದ ಫೋಟೊ ಇಂಟರ್ನೆಟ್ಟಿನಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ಪ್ರೊಬೇಷನ್ ಚೆನ್ನಾಗಿ ಮುಗಿಸಿದವನ ಸುದ್ದಿ ಎಲ್ಲಾದರೂ ಓದಿದ್ದೀರಾ? ಕೆಲಸ ಕೊಡುವವರು ನೋಡುವುದು ಆ ಫೋಟೊವನ್ನೇ.

ಅವನ ತಾಯಿ ತಂದುಕೊಟ್ಟ ಕೇಕನ್ನು ಬಾಗಿಲಲ್ಲೇ ವಾಪಸ್ ಕಳಿಸಿದೆ ಎಂದೂ ಬರೆದಿದ್ದೀರಿ. ನನಗದು ಹಿಡಿಸಲಿಲ್ಲ. ಈ ವಾರ ನೀವೇ ಹೋಗಿ ಆಕೆಯನ್ನು ಮಾತಾಡಿಸಿ, ಮತ್ತೆ ಪತ್ರ ಬರೆಯಿರಿ.