ಪದವಿಪತ್ರ ಎಲ್ಲಿಡಬೇಕು?

ಹೊನ್ನಾವರದಿಂದ ತಾಯಿಯೊಬ್ಬರು ಬರೆದಿದ್ದಾರೆ: “ಈ ಮಳೆಗಾಲದಲ್ಲಿ ಮೂರು ವಿಡಿಯೋ ಗೇಮ್ ಆಡಿ ಮುಗಿಸಿದೆ ಎಂದು ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದಿರಿ. ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗ ಆ ಸಾಲಿಗೆ ಅಡಿಗೆರೆ ಎಳೆದು ತಂದು ನನ್ನೆದುರು ಹಿಡಿದ. ರಾತ್ರಿ ಹನ್ನೆರಡಾದರೂ ಅವನು ಮೊಬೈಲ್ ಕೆಳಗಿಡುವುದಿಲ್ಲ. ಕಥೆ ಬೇಕೆಂದರೆ ಕಾದಂಬರಿ ಇದೆ, ನಮ್ಮಲ್ಲಿ ಯಕ್ಷಗಾನ ಇದೆ. ಅಲ್ಲೆಲ್ಲ ಸಿಗದ್ದು ಈ ಆಟಗಳಲ್ಲಿ ನಿಮಗೇನು ಸಿಕ್ಕಿತು? ಬಿಡಿಸಿ ಹೇಳಿ.”

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ನ್ಯಾಯವಾಗಿದೆ. ಒಂದೇ ಸಾಲು ಬರೆದು ಸುಮ್ಮನಾಗಬಾರದಿತ್ತು. ಆ ಮೂರೂ ಆಟಗಳ ಬಗ್ಗೆ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ನಾನು ಈ ಕ್ಷೇತ್ರದ ಪಂಡಿತನಲ್ಲ. ಕೆಲಸ ಮುಗಿದ ಮೇಲೆ ಆಸೆಯಿಂದ ಆಡುವವನು, ಅಷ್ಟೆ.

ಮೊದಲು ‘ಅನ್‌ಪ್ಯಾಕಿಂಗ್’. ಆಸ್ಟ್ರೇಲಿಯದ ಬ್ರಿಸ್ಬೇನಿನ ವಿಚ್ ಬೀಮ್ ಎಂಬ ಪುಟ್ಟ ತಂಡ 2021ರಲ್ಲಿ ಹೊರತಂದ ಆಟ ಇದು. ಮನೆ ಬದಲಾಯಿಸಿದ ಹೆಣ್ಣುಮಗಳೊಬ್ಬಳ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಒಂದೊಂದೇ ವಸ್ತು ತೆಗೆದು, ಕೋಣೆಯಲ್ಲಿ ಅದಕ್ಕೊಂದು ಜಾಗ ಹುಡುಕಿ ಇಡಬೇಕು. ಆಡುವುದಕ್ಕೆ ಇರುವುದು ಅಷ್ಟೇ. ಬಾಲ್ಯದ ಕೋಣೆಯಿಂದ ಶುರುವಾಗಿ, 1997ರಿಂದ 2018ರವರೆಗೆ ಎಂಟು ಮನೆ. ಅಂಕ ಇಲ್ಲ, ಗಡಿಯಾರ ಇಲ್ಲ, ಸೋಲು ಇಲ್ಲ. ಅವಳು ಒಮ್ಮೆಯೂ ಎದುರಿಗೆ ಬರುವುದಿಲ್ಲ, ಮಾತಾಡುವುದಿಲ್ಲ. ಲೋಟವನ್ನು ಮರದ ಮೇಲೆ ಇಟ್ಟರೆ ಒಂದು ಸದ್ದು, ಕಲ್ಲಿನ ಮೇಲೆ ಇಟ್ಟರೆ ಇನ್ನೊಂದು. ಇಂಥ ಸದ್ದುಗಳೇ 14,000ಕ್ಕೂ ಹೆಚ್ಚು ಇವೆ. ಇಯರ್‌ಫೋನ್ ಹಾಕಿಕೊಂಡು ಆಡಿದರೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಓರಣ ಮಾಡಿದ ಹಾಗಿರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು 2010ರ ಮನೆಯಲ್ಲಿ. ಅವಳು ಗೆಳೆಯನ ಫ್ಲ್ಯಾಟಿಗೆ ಬಂದಿದ್ದಾಳೆ. ಮನೆ ಚೆಂದ ಇದೆ, ಆದರೆ ಎಲ್ಲ ಕಡೆ ಅವನದೇ ಸಾಮಾನು. ಕಪಾಟು ತೆರೆದರೆ ಅವನ ಬಟ್ಟೆ, ಗೋಡೆ ನೋಡಿದರೆ ಅವನ ಚಿತ್ರಗಳು. ಅವನವನ್ನು ಅತ್ತ ಸರಿಸಿ ಇವಳವಕ್ಕೆ ಇಷ್ಟಿಷ್ಟೇ ಜಾಗ ಮಾಡುತ್ತಾ ಹೋದೆ. ಒಂದು ಪೆಟ್ಟಿಗೆಯಿಂದ ಚೌಕಟ್ಟು ಹಾಕಿಸಿದ ಪದವಿಪತ್ರ ಬಂತು. ಗೋಡೆಯ ಮೇಲೆ ತೂಗುಹಾಕಲು ನೋಡಿದೆ, ಜಾಗವಿಲ್ಲ. ಒಂದೆಡೆ ನಿಲ್ಲಿಸಿದೆ, ಪೆಟ್ಟಿಗೆಗಳೆಲ್ಲ ಖಾಲಿಯಾದ ಮೇಲೆ ಅದರ ಸುತ್ತ ಕೆಂಪು ಗೆರೆ ಬಂತು. ಇಲ್ಲಿಡುವಂತಿಲ್ಲ ಎಂದರ್ಥ. ಇನ್ನೊಂದೆಡೆ ಇಟ್ಟೆ, ಮತ್ತೆ ಕೆಂಪು. ಮನೆಯೆಲ್ಲ ತಿರುಗಿಸಿದ ಮೇಲೆ ಕೊನೆಗೆ ಮಂಚದ ಕೆಳಗೆ ತಳ್ಳಿದೆ. ಕೆಂಪು ಗೆರೆ ಹೋಯಿತು. ಆ ಮನೆಯಲ್ಲಿ ಅವಳ ಓದಿಗೆ ಇದ್ದದ್ದು ಅದೊಂದೇ ಜಾಗ.

ನನ್ನ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತು. ನನ್ನ ಅಕ್ಕ ಮದುವೆಗೆ ಮುಂಚೆ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು. ಆ ಸರ್ಟಿಫಿಕೇಟು ಅವಳ ಗಂಡನ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ನಲವತ್ತು ವರ್ಷದಿಂದ ನನಗದು ಗೊತ್ತಿತ್ತು. ಇಂಥ ಸಂಗತಿಯನ್ನು ಕಥೆಗಳಲ್ಲಿ ಎಷ್ಟೋ ಸಲ ಓದಿದ್ದೇನೆ, ಓದಿ ಮರುಗಿದ್ದೇನೆ. ಆದರೆ ಓದುವಾಗ ಆ ಸರ್ಟಿಫಿಕೇಟನ್ನು ಬೇರೆ ಯಾರೋ ಟ್ರಂಕಿಗೆ ಹಾಕುತ್ತಿದ್ದರು, ನಾನು ನೋಡುತ್ತಿದ್ದೆ. ಇಲ್ಲಿ ಮಂಚದ ಕೆಳಗೆ ತಳ್ಳಿದವನು ನಾನೇ. ಕಾದಂಬರಿಯಲ್ಲಿ ಸಿಗದ್ದು ಏನು ಎಂದು ಕೇಳಿದಿರಲ್ಲ, ನನಗೆ ಸಿಕ್ಕಿದ್ದು ಇದು. ಮರುದಿನ ಅಕ್ಕನಿಗೆ ಫೋನ್ ಮಾಡಿ ತುಂಬ ಹೊತ್ತು ಮಾತಾಡಿದೆ. ಹೀಗೆ ಮಾತೇ ಆಡದ ಆಟಕ್ಕೆ 2022ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಕಥನದ ಪ್ರಶಸ್ತಿಯನ್ನೇ ಕೊಟ್ಟಿತು. ಸರಿಯಾದವರಿಗೇ ಸಂದಿತು ಎಂದು ನನ್ನ ಅಭಿಪ್ರಾಯ.

ಎರಡನೆಯದು ‘ವೆಣ್ಬಾ’, ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದದ್ದು. ವೆಣ್ಬಾ ತಮಿಳಿನ ಒಂದು ಛಂದಸ್ಸು. ಇಲ್ಲಿ ಅದು 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಾಯಿಯ ಹೆಸರು. ಅವಳಮ್ಮ ಬರೆದಿಟ್ಟ ಅಡುಗೆ ಪುಸ್ತಕ ಹರಿದುಹೋಗಿದೆ, ಅಕ್ಷರ ಅಳಿಸಿವೆ. ಉಳಿದ ಅರ್ಧಂಬರ್ಧ ಸಾಲುಗಳಿಂದ ನಾವು ಇಡ್ಲಿ ಬೇಯಿಸಬೇಕು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವಾಗ ಕೆಳಗಿನ ಗುಳಿಯ ನೇರಕ್ಕೆ ಮೇಲಿನ ಗುಳಿ ಬರಬಾರದು ಎನ್ನುವುದೇ ಅಲ್ಲಿನ ಒಗಟು. ಅದು ನಿಮಗೆ ಒಗಟೇ ಅಲ್ಲ, ಮಾತಾಡುತ್ತಲೇ ಜೋಡಿಸಿ ಮುಗಿಸುತ್ತೀರಿ. ತಾಯಿ ತಮಿಳಿನಲ್ಲಿ ಕೇಳಿದ್ದಕ್ಕೆ ಮಗ ಕವಿನ್ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಹೊರದೇಶದಲ್ಲಿ ಮೊಮ್ಮಕ್ಕಳಿರುವ ಕನ್ನಡದ ಅಜ್ಜಿಯರಿಗೆ ಈ ದೃಶ್ಯವನ್ನು ವಿವರಿಸಬೇಕಿಲ್ಲ. ದೊಡ್ಡವನಾದ ಮೇಲೆ ಅದೇ ಮಗ ಅದೇ ಪುಸ್ತಕ ತೆರೆದು ಒಲೆಯ ಮುಂದೆ ನಿಲ್ಲುತ್ತಾನೆ. ನನ್ನ ತಕರಾರು ಒಂದೇ. ಎರಡು ಗಂಟೆಯೊಳಗೆ ಆಟ ಮುಗಿದುಹೋಗುತ್ತದೆ, ವರ್ಷಗಳು ದಾಪುಗಾಲು ಹಾಕಿ ಓಡುತ್ತವೆ. ಅಡುಗೆಮನೆಯಲ್ಲಿ ಇನ್ನಷ್ಟು ಹೊತ್ತು ನಿಲ್ಲಲು ಬಿಡಬೇಕಿತ್ತು.

ಮೂರನೆಯದನ್ನು ನಿಮಗೆ ಹೇಳಲೇಬೇಕು. ‘ರಿಟರ್ನ್ ಆಫ್ ದಿ ಒಬ್ರಾ ಡಿನ್’, 2018ರದು. ಲ್ಯೂಕಾಸ್ ಪೋಪ್ ಎಂಬವರು ಬಹುಪಾಲು ಒಬ್ಬರೇ ಮಾಡಿದ್ದು. 1807ರಲ್ಲಿ ಒಂದು ಹಡಗು ಒಬ್ಬ ಜೀವಂತ ಮನುಷ್ಯನೂ ಇಲ್ಲದೆ ಇಂಗ್ಲೆಂಡಿನ ದಡಕ್ಕೆ ಬಂದು ನಿಲ್ಲುತ್ತದೆ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. ಶವವೊಂದರ ಬಳಿ ನಿಂತರೆ ಆ ಮನುಷ್ಯ ಸತ್ತ ಗಳಿಗೆ ಕಣ್ಣೆದುರು ಕಾಣುತ್ತದೆ. ಹಡಗಿನಲ್ಲಿದ್ದ 60 ಮಂದಿಗೂ ಏನಾಯಿತು, ಯಾರ ಹೆಸರೇನು ಎಂದು ಪುಸ್ತಕದಲ್ಲಿ ತುಂಬಬೇಕು. ಮೂವರದು ಸರಿಯಾದ ಮೇಲಷ್ಟೇ ಆ ಮೂರನ್ನು ಆಟ ಒಪ್ಪುತ್ತದೆ. ಅವರು ಮಲಗುವ ಜೋಲಿಗಳಿಗೆ ಕಟ್ಟಿದ ಸಂಖ್ಯೆಯನ್ನು ಹಡಗಿನ ಪಟ್ಟಿಯ ಸಂಖ್ಯೆಗೆ ತಾಳೆ ನೋಡುತ್ತಿದ್ದಾಗ, ಕೆಲವು ಹೆಸರುಗಳ ಮುಂದೆ ‘ಇಂಡಿಯಾ’ ಎಂದಿರುವುದು ಕಂಡಿತು. ನಿಮ್ಮ ಕಡೆ ದೋಣಿಯಲ್ಲಿ ದುಡಿಯುವವರನ್ನು ಖಲಾಸಿ ಎನ್ನುತ್ತಾರಲ್ಲ, ಅಂಥವರು. ಇಬ್ಬರು ಪ್ರಯಾಣದ ಆರಂಭದಲ್ಲೇ ಕಾಯಿಲೆಯಿಂದ ಸಾಯುತ್ತಾರೆ. ಕಂಪನಿಯ ಹಡಗುಗಳಲ್ಲಿ ನಮ್ಮ ಕರಾವಳಿಗಳ ಜನ ದುಡಿದದ್ದನ್ನು ಚರಿತ್ರೆಯಲ್ಲಿ ಓದಿದ್ದೆ. ಅವರ ಹೆಸರನ್ನು ನನ್ನ ಕೈಯಾರೆ ಒಂದೊಂದಾಗಿ ಮುಖಕ್ಕೆ ಸೇರಿಸಿದ್ದು ಇದೇ ಮೊದಲು. ಇದರಲ್ಲೂ ಕೊರತೆ ಇದೆ. ಒಂದು ಘಟನೆಯನ್ನು ಮತ್ತೆ ನೋಡಬೇಕೆಂದರೆ ಆ ಶವ ಇದ್ದಲ್ಲಿಗೆ ಹಡಗೆಲ್ಲ ನಡೆದೇ ಹೋಗಬೇಕು. ಇಡೀ ಆಟಕ್ಕೆ ಎರಡೇ ಬಣ್ಣ. ಒಂದು ಗಂಟೆಗೆ ನನ್ನ ಕಣ್ಣು ಸೋತುಬಿಡುತ್ತಿತ್ತು.

ನಾಲ್ಕನೆಯದೊಂದನ್ನು ಶುರುಮಾಡಿ ಬಿಟ್ಟೆ. ಅದನ್ನು ಆ ಸಾಲಿನಲ್ಲಿ ಬರೆದಿರಲಿಲ್ಲ. ಮೊಬೈಲಿನದು, ಆಡಲು ಪುಕ್ಕಟೆ. ದಿನಾ ಬೆಳಿಗ್ಗೆ ಬಂದು ಹಾಜರಿ ಹಾಕಬೇಕು, ಒಂದು ದಿನ ತಪ್ಪಿದರೆ ಸಾಲುಗಟ್ಟಿದ ಬಹುಮಾನ ಹೋಯಿತು, ಪೆಟ್ಟಿಗೆ ತೆರೆಯಬೇಕಾದರೆ ದುಡ್ಡು ಹಾಕಬೇಕು, ಅದರೊಳಗೆ ಏನಿದೆ ಎಂದು ತೆರೆಯುವವರೆಗೆ ಗೊತ್ತಾಗದು. ಹತ್ತು ದಿನ ಆಡಿದೆ. ಹನ್ನೊಂದನೆಯ ದಿನ ಎದ್ದಕೂಡಲೇ ಕೈ ಫೋನಿಗೆ ಹೋದದ್ದು ಕಂಡು ಭಯವಾಗಿ ಅಳಿಸಿ ಹಾಕಿದೆ. ಅದಕ್ಕೆ ಕೊನೆಯೇ ಇಲ್ಲ, ನಮ್ಮನ್ನು ಎದ್ದು ಹೋಗಲು ಬಿಡಬಾರದೆಂದೇ ಮಾಡಿದ್ದು. ನಿಮ್ಮ ಮಗ ರಾತ್ರಿ ಹನ್ನೆರಡರವರೆಗೆ ಆಡುವುದು ಇಂಥದ್ದಾದರೆ ನಿಮ್ಮ ಸಿಟ್ಟು ನನ್ನದೂ ಹೌದು. ನನ್ನ ಸಾಲನ್ನು ಅದಕ್ಕೆ ಸಾಕ್ಷಿಯಾಗಿ ಬಳಸಲು ನಾನು ಒಪ್ಪುವುದಿಲ್ಲ. ಇದನ್ನು ಅವನಿಗೆ ಓದಿ ಹೇಳಿ.

ಆದರೆ ಇಷ್ಟನ್ನು ಮಾತ್ರ ಓದಿ ಹೇಳಿ, 2010ರ ಮನೆಯ ಸಂಗತಿ ಈಗಲೇ ಬೇಡ. ‘ಅನ್‌ಪ್ಯಾಕಿಂಗ್’ ಮೊಬೈಲಿನಲ್ಲೂ ಸಿಗುತ್ತದೆ, ಒಮ್ಮೆ ಕೊಂಡರೆ ಮುಗಿಯಿತು, ನಾಲ್ಕೈದು ಗಂಟೆಯ ಆಟ. ಅವನ ಪರೀಕ್ಷೆ ಕಳೆಯಲಿ. ಒಂದು ಭಾನುವಾರ ಪಕ್ಕದಲ್ಲಿ ಕೂತು ಅವನು ಆಡುವುದನ್ನು ನೋಡಿ. ಆ ಪದವಿಪತ್ರ ಹಿಡಿದುಕೊಂಡು ಅವನು ಎಲ್ಲೆಲ್ಲಿ ತಿರುಗಿದ, ಎಷ್ಟು ಹೊತ್ತು ತಡೆದ, ಮಂಚದ ಕೆಳಗೆ ಇಟ್ಟ ಮೇಲೆ ನಿಮಗೆ ಏನೆಂದ, ನನಗೆ ಬರೆದು ತಿಳಿಸಿ.

ವಿಶ್ವಾಸದಿಂದ,
ಸಂಪಾದಕ